ಬಿಯರಿನಲ್ಲಿ ಶುಂಠಿ: ರುಚಿಯೋ, ನೆಪವೋ?

ಹಳಿಯಾಳ-ಮುಂಡಗೋಡ ಸೀಮೆಯಲ್ಲಿ ಡಿಸೆಂಬರ್ ಬಂದಿತೆಂದರೆ ಶುಂಠಿ ಹೊಲಗಳ ಹಸಿರು ಮಾಸಿ ಹಳದಿಗೆ ತಿರುಗುತ್ತದೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ನೆಟ್ಟ ಗಡ್ಡೆಯು ಏಳೆಂಟು ತಿಂಗಳು ಮಣ್ಣಿನೊಳಗೆ ಬಲಿತು, ನಾರುಗಟ್ಟಿ, ಖಾರವೇರಿ ಹೊರಬರಲು ಅಣಿಯಾಗುವ ಕಾಲವದು. ಕೊಳೆರೋಗಕ್ಕೆ ಬಲಿಯಾಗದೆ ಉಳಿದದ್ದಕ್ಕೆ ಬೆಲೆ ಬಂದರೆ ಬೆಳೆಗಾರನ ಪುಣ್ಯ. ಒಂದು ವರ್ಷ ಮುಗಿಲಿಗೇರಿದ ಧಾರಣೆ ಮರುವರ್ಷ ಪಾತಾಳಕ್ಕಿಳಿಯುವುದು ಈ ಬೆಳೆಯ ಹಣೆಬರಹವೇ ಆಗಿಬಿಟ್ಟಿದೆ. ಅದೇ ವೇಳೆಗೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಕ್ರಿಸ್ತಜಯಂತಿಯ ಸಿದ್ಧತೆಗಳು ಮೊದಲಾಗುತ್ತವೆ. ಒಂದು ಒಲೆಯ ಮೇಲೆ ನೆವ್ರಿಗೆ ಹೂರಣ, ಇನ್ನೊಂದರ ಮೇಲೆ ಶುಂಠಿ, ಸಕ್ಕರೆ, ನಿಂಬೆಯ ಪಾಕ. ಈ ಪಾಕಕ್ಕೆ ನಾವು 'ಜಿಂಜರ್ ವೈನ್' ಎಂದು ಗೌರವದ ಹೆಸರಿಟ್ಟಿದ್ದೇವೆ, ಅದರಲ್ಲಿ ವೈನಿನ ತೊಟ್ಟೂ ಇರದಿದ್ದರೂ.

ಈಚಿನ ಕೆಲವು ವರ್ಷಗಳಿಂದ ಹಬ್ಬದ ಸಮಯದಲ್ಲಿ ಇನ್ನೊಂದು ಪ್ರಶ್ನೆ ಗುರುನಿವಾಸದ ಬಾಗಿಲಿಗೆ ಬರತೊಡಗಿದೆ. ಇಂಗ್ಲೆಂಡಿನಲ್ಲಿಯೋ ಕೆನಡಾದಲ್ಲಿಯೋ ಇರುವ ಮಗ ಮನೆಯಲ್ಲಿಯೇ ಬಿಯರ್ ತಯಾರಿಸುವುದನ್ನು ಕಲಿತಿದ್ದಾನೆ. ಅದಕ್ಕೆ ಊರಿನ ನೆನಪಿಗೆಂದು ಶುಂಠಿ ಸೇರಿಸಬೇಕೆಂದಿದ್ದಾನೆ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂದು ತಾಯಿಯನ್ನು ಕೇಳುತ್ತಾನೆ. ತಾಯಿ ನನ್ನನ್ನು ಕೇಳುತ್ತಾಳೆ. ಮಠವಾಸಿಗಳು ಬಿಯರ್ ತಯಾರಿಸುತ್ತಿದ್ದರೆಂಬ ಸಂಗತಿ ನಮ್ಮವರಿಗೆಲ್ಲ ಹೇಗೋ ತಿಳಿದಿರುವುದರಿಂದ, ಸೆಮಿನರಿಯಲ್ಲಿ ತತ್ತ್ವಶಾಸ್ತ್ರದೊಡನೆ ಇದನ್ನೂ ಕಲಿಸಿರಬೇಕೆಂಬ ಭಾವನೆ ಇದ್ದೀತು. ಕಲಿಸಲಿಲ್ಲ. ಆದರೂ ಪ್ರಶ್ನೆ ತೀರಾ ಹಗುರಾದದ್ದಲ್ಲವೆಂದು ತೋರಿದ್ದರಿಂದ ಬಲ್ಲವರನ್ನು ಕೇಳಿ, ಓದಿ, ಯೋಚಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಬಿಯರಿಗೆ ಶುಂಠಿ ಸೇರಿಸುವುದರಲ್ಲಿ ದೋಷವಿಲ್ಲ. ಆದರೆ ಅದು ಅಲ್ಪವಾಗಿರಬೇಕು, ರುಚಿಗಾಗಿಯೇ ಇರಬೇಕು. ಕೆಟ್ಟ ಪಾನೀಯದ ಕೆಡುಕನ್ನು ಮುಚ್ಚಲಿಕ್ಕಾಗಲಿ, ಕುಡಿತಕ್ಕೆ ಔಷಧದ ವೇಷ ತೊಡಿಸಲಿಕ್ಕಾಗಲಿ ಶುಂಠಿಯನ್ನು ಬಳಸುವುದು ಸುಳ್ಳಿನ ಒಂದು ಬಗೆ. ಈ ಎರಡನೆಯ ಸುಳ್ಳು ನಮ್ಮ ನಡುವೆ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂಬುದನ್ನು ಕಂಡೇ ಈ ಲೇಖನ.

ನಮ್ಮ ಕಡೆ ಹಸಿಶುಂಠಿಗೆ 'ಅಲ್ಲ' ಎನ್ನುತ್ತಾರೆ. ಕೊಂಕಣಿ ಮನೆಮಾತಿನವರಿಗೆ ಅದು 'ಆಲೆಂ'. ಕನ್ನಡದಲ್ಲಿ ನಿರಾಕರಣೆಗೂ ಇದೇ ಶಬ್ದವಿರುವುದು ಕೇವಲ ಕಾಕತಾಳೀಯವಾದರೂ ತತ್ತ್ವಶಾಸ್ತ್ರ ಓದಿದವನಿಗೆ ಅದೊಂದು ಸಣ್ಣ ಸಂತೋಷ. ಬಿಯರಿನಲ್ಲಿ ಶುಂಠಿ ಹೇಗಿರಬೇಕೆಂದು ಕೇಳಿದರೆ, ಇದ್ದೂ 'ಅಲ್ಲ' ಎನ್ನುವಂತಿರಬೇಕು. ಕುಡಿದವನು "ಶುಂಠಿ ಹಾಕಿದ್ದೀರಾ?" ಎಂದು ತಕ್ಷಣ ಕೇಳುವಂತಿದ್ದರೆ ಅದು ಹೆಚ್ಚಾಯಿತು. ಎರಡನೆಯ ಸಲ ಶುಂಠಿಯಿಲ್ಲದೆ ತಯಾರಿಸಿ ಕೊಟ್ಟಾಗ "ಈ ಸಲ ಏನೋ ಕಡಿಮೆಯಾಗಿದೆಯಲ್ಲ?" ಎಂದನಾದರೆ ಮೊದಲಿನ ಅಳತೆ ಸರಿಯಾಗಿತ್ತು.

ಬಿಯರ್ ಎಂಬುದು ಮೂಲತಃ ನಾಲ್ಕು ವಸ್ತುಗಳ ಪಾನೀಯ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್, ಕಹಿಗೂ ಪರಿಮಳಕ್ಕೂ ಹಾಪ್ಸ್ ಎಂಬ ಬಳ್ಳಿಯ ಹೂ, ನೀರು, ಹುದುಗು ಬರಿಸುವ ಯೀಸ್ಟ್. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದರೆ ಅದರ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ ಹಾಪ್ಸಿನೊಡನೆ ಒಂದು ಗಂಟೆಯಷ್ಟು ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿದರೆ ಸಕ್ಕರೆಯು ಮದ್ಯಸಾರವಾಗಿಯೂ ಅಂಗಾರಾಮ್ಲವಾಯುವಾಗಿಯೂ ಒಡೆಯುತ್ತದೆ. ನಾವು ಓದಿದ ಹಳೆಯ ಪರಿಭಾಷೆಯಲ್ಲಿ ಹೇಳುವುದಾದರೆ ಶುಂಠಿಯು ಇಲ್ಲಿ ದ್ರವ್ಯವಲ್ಲ, ಗುಣ. ದ್ರವ್ಯವಿಲ್ಲದೆ ಗುಣ ನಿಲ್ಲದು. ಗುಣವೇ ದ್ರವ್ಯವನ್ನು ನುಂಗಿದರೆ ಹೆಸರನ್ನು ಬದಲಿಸಬೇಕಾಗುತ್ತದೆ. ಶುಂಠಿಯೇ ಮುಂದಾದ ಬಿಯರಿಗೆ ಬಿಯರ್ ಎನ್ನುವುದಕ್ಕಿಂತ ಕಷಾಯವೆನ್ನುವುದೇ ಸರಿ.

ಯುರೋಪಿನಲ್ಲಿ ಈ ವಿಷಯಕ್ಕೆ ಒಂದು ಇತಿಹಾಸವೇ ಇದೆ. ಹಾಪ್ಸ್ ಎಲ್ಲೆಡೆ ಹರಡುವ ಮುನ್ನ ಅಲ್ಲಿಯ ಬಿಯರುಗಳಿಗೆ ಬಗೆಬಗೆಯ ಸೊಪ್ಪು, ಬೇರು, ಸಾಂಬಾರ ಪದಾರ್ಥಗಳನ್ನು ಹಾಕುತ್ತಿದ್ದರು. 1516ರಲ್ಲಿ ಬವೇರಿಯದ ಅರಸರು ಬಿಯರಿನಲ್ಲಿ ಬಾರ್ಲಿ, ಹಾಪ್ಸ್, ನೀರು ಇವುಗಳ ಹೊರತು ಬೇರೇನೂ ಇರತಕ್ಕದ್ದಲ್ಲವೆಂದು ಕಟ್ಟಳೆ ಮಾಡಿದರು. ಆ ಕಟ್ಟಳೆಯ ಪ್ರಕಾರ ನಮ್ಮ ಶುಂಠಿ ಬಹಿಷ್ಕೃತ. (ಯೀಸ್ಟಿನ ಹೆಸರೂ ಅದರಲ್ಲಿಲ್ಲ, ಅದು ಮಾಡುವ ಕೆಲಸ ಏನೆಂದು ಆಗ ಯಾರಿಗೂ ತಿಳಿದಿರಲಿಲ್ಲ.) ಬೆಲ್ಜಿಯಮ್ಮಿನವರು ಈ ಬಿಗುವನ್ನು ಒಪ್ಪಲಿಲ್ಲ. ಅವರ ಗೋಧಿಯ ಬಿಯರಿನಲ್ಲಿ ಇಂದಿಗೂ ಕೊತ್ತಂಬರಿ ಬೀಜ, ಕಿತ್ತಳೆಯ ಸಿಪ್ಪೆ ಬೀಳುತ್ತವೆ, ಆದರೆ ಕುಡಿಯುವವನಿಗೆ ಸಾರಿನ ನೆನಪಾಗದಷ್ಟು. ಶುಂಠಿಗೂ ಆ ಮೇಲ್ಪಂಕ್ತಿಯೇ ತಕ್ಕದ್ದು.

ನಮ್ಮ ಸಾಂಬ್ರಾಣಿ ಊರಿಗೆ ಆ ಹೆಸರು ಹೇಗೆ ಬಂದಿತೋ, ಸಾಂಬ್ರಾಣಿಯೆಂದರೆ ಧೂಪವೆಂಬುದು ಎಲ್ಲರಿಗೂ ಗೊತ್ತು. ಕೆಂಡದ ಮೇಲೆ ಒಂದು ಚಿಟಿಕೆ ಹಾಕಿದರೆ ದೇವಾಲಯವೆಲ್ಲ ಪರಿಮಳಿಸುತ್ತದೆ. ಹುಮ್ಮಸ್ಸಿನ ಬಲಿಪೀಠ ಸೇವಕ ಹುಡುಗನೊಬ್ಬ ಹಿಡಿಯಷ್ಟು ಸುರಿದನೆಂದರೆ ಮುಂದಿನ ಸಾಲಿನ ಅಜ್ಜಿಯರು ಕೆಮ್ಮುತ್ತ ಹೊರನಡೆಯುತ್ತಾರೆ.

ಇನ್ನು ಅಳತೆಯ ಮಾತು. ಇಪ್ಪತ್ತು ಲೀಟರ್ ಬಿಯರಿಗೆ ಇಪ್ಪತ್ತರಿಂದ ಮೂವತ್ತು ಗ್ರಾಂ ಹಸಿಶುಂಠಿ ಸಾಕು. ಹೆಬ್ಬೆರಳಿನ ಎರಡು ಗೆಣ್ಣಿನಷ್ಟು ತುಂಡು. ಸಿಪ್ಪೆ ಹೆರೆದು, ತೆಳುವಾಗಿ ಬಿಲ್ಲೆಗಳನ್ನಾಗಿ ಕೊಯ್ದು, ಒಂದು ಗಂಟೆಯ ಕುದಿತದಲ್ಲಿ ಕೊನೆಯ ಹತ್ತು ನಿಮಿಷವಿರುವಾಗ ಹಾಕಬೇಕು. ಅರವತ್ತು, ನೂರು ಗ್ರಾಂ ಹಾಕುವವರೂ ಇದ್ದಾರೆ. ಅದು ಶುಂಠಿಯ ಬಿಯರೇ ಹೊರತು ಶುಂಠಿ ಸೋಂಕಿದ ಬಿಯರಲ್ಲ. ನಮ್ಮ ಗಡ್ಡೆಯ ಖಾರವೂ ಎಲ್ಲ ಕಡೆ ಒಂದೇ ಅಲ್ಲ: ಐದಾರು ತಿಂಗಳಿಗೆ ಕಿತ್ತ ಎಳೆಯದು ಸೌಮ್ಯ, ಜನವರಿಯವರೆಗೆ ನೆಲದಲ್ಲಿಟ್ಟದ್ದು ಉಗ್ರ. ಪರದೇಶದ ಅಂಗಡಿಯಲ್ಲಿ ದೊರೆಯುವ ಗಡ್ಡೆ ಯಾವ ವಯಸ್ಸಿನದೋ ಯಾರು ಬಲ್ಲರು? ಮೊದಲ ಸಲ ಇಪ್ಪತ್ತಕ್ಕೇ ನಿಲ್ಲಿಸುವುದು ಕ್ಷೇಮ.

ಕೊನೆಯ ಹತ್ತು ನಿಮಿಷವೇ ಏಕೆಂದರೆ ಶುಂಠಿಯಲ್ಲಿ ಇರುವುದು ಒಂದು ಗುಣವಲ್ಲ, ಎರಡು. ಮೂಗಿಗೆ ತಾಗುವ ನಿಂಬೆಯಂಥ ಪರಿಮಳವು ಹಾರಿಹೋಗುವ ಎಣ್ಣೆಗಳದ್ದು. ಬಹಳ ಹೊತ್ತು ಕುದಿಸಿದರೆ ಅದು ಆವಿಯೊಡನೆ ಅಡಿಗೆಮನೆಯ ಪಾಲಾಗುತ್ತದೆ. ನಾಲಿಗೆಯನ್ನು ಸುಡುವ ಖಾರ ಜಿಂಜರಾಲ್ ಎಂಬ ವಸ್ತುವಿನದ್ದು. ಅದು ಅಷ್ಟು ಬೇಗ ಹೋಗದು. ಆದಕಾರಣ ಮೊದಲಿನಿಂದಲೂ ಕುದಿಸಿದವನಿಗೆ ಖಾರ ಉಳಿದು ಪರಿಮಳ ಇಲ್ಲವಾಗುತ್ತದೆ. ಹಾಗಾದರೆ ಕುದಿಸದೆಯೇ ಹಸಿಯಾಗಿ ಹಾಕಬಾರದೇಕೆ? ಇದಕ್ಕೆ ಉತ್ತರವು ಚಹಾ ಮಾಡುವ ಪ್ರತಿ ಗೃಹಿಣಿಗೂ ಗೊತ್ತು. ಹಾಲು ಕುದಿಯುವ ಮೊದಲೇ ಹಸಿ ಅಲ್ಲ ಬಿದ್ದರೆ ಹಾಲು ಒಡೆಯುತ್ತದೆ. ಹಸಿಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದಿದೆ. ಕುದಿತದಲ್ಲಿ ಅದು ಸಾಯುತ್ತದೆ. ಬಿಯರಿನ ಮೇಲಿನ ನೊರೆ ನಿಂತಿರುವುದು ಮಾಲ್ಟಿನ ಪ್ರೋಟೀನಿನ ಆಧಾರದ ಮೇಲೆಯೇ ಆದುದರಿಂದ ಹಸಿ ಬಿಲ್ಲೆಗಳನ್ನು ನಂತರ ಹಾಕುವುದು ನೊರೆಗೆ ಒಳ್ಳೆಯದಲ್ಲ. ಅದರ ಮೇಲೆ, ತೊಳೆದರೂ ಹೋಗದ ಮಣ್ಣಿನ ಸೂಕ್ಷ್ಮಜೀವಿಗಳೂ ಜೊತೆಗೆ ಒಳಹೊಕ್ಕಾವು.

ಕುಶಲಿಗಳು ಇನ್ನೊಂದು ಉಪಾಯವನ್ನು ಹೇಳುತ್ತಾರೆ, ಅದು ನನಗೆ ಹೆಚ್ಚು ಮೆಚ್ಚುಗೆಯಾಯಿತು. ಶುಂಠಿಯ ಬಿಲ್ಲೆಗಳನ್ನು ಸ್ವಲ್ಪ ವೋಡ್ಕಾದಲ್ಲಿ ಕೆಲವು ದಿನ ನೆನೆಯಿಟ್ಟು, ಸೋಸಿ, ಬಿಯರ್ ಸಿದ್ಧವಾದ ಮೇಲೆ ಒಂದು ಲೋಟವನ್ನು ಅಳೆದು ತೆಗೆದುಕೊಂಡು ಹನಿಹನಿಯಾಗಿ ಬೆರೆಸಿ ರುಚಿ ನೋಡಬೇಕು. "ಏನೋ ಇದೆ, ಏನೆಂದು ಹೇಳಲಾರೆ" ಎನ್ನುವ ಹನಿಗೆ ನಿಲ್ಲಿಸಿ, ಅದೇ ಲೆಕ್ಕದಲ್ಲಿ ಉಳಿದ ಪಾತ್ರೆಗೆ ಸೇರಿಸಬೇಕು. ಕಡಿಮೆಯಾದರೆ ಇನ್ನಷ್ಟು ಹಾಕಬಹುದು. ಕುದಿಯುವ ಪಾತ್ರೆಗೆ ಒಮ್ಮೆ ಬಿದ್ದ ಶುಂಠಿಯನ್ನು ಹಿಂದಕ್ಕೆ ತೆಗೆಯಲಾಗದು.

ಮನೆಯಲ್ಲಿ ತಯಾರಿಸಿದ ಬಿಯರಿನಲ್ಲಿ ಶುಂಠಿಯ ಸ್ಪರ್ಶವೆಂಬುದು ವಿಲಾಯತಿಯ ಹೊಸ ಖಯಾಲಿಯೆಂದು ತಿಳಿಯಬೇಡಿ. ನಮ್ಮ ದೇಶದಲ್ಲಿಯೇ ಸಿಕ್ಕಿಂ, ಡಾರ್ಜಿಲಿಂಗ್ ಬೆಟ್ಟಗಳ ಮನೆಗಳಲ್ಲಿ ಹುದುಗು ಬರಿಸಲು 'ಮರ್ಚಾ' ಎಂಬ ಸಣ್ಣ ಒಣ ಬಿಲ್ಲೆಯನ್ನು ಬಳಸುತ್ತಾರೆ. ನೆನೆಸಿದ ಅಕ್ಕಿಯೊಡನೆ ಕೆಲವು ಕಾಡುಗಿಡಗಳ ಬೇರು ಮತ್ತು ಎಲೆ, ಒಣಮೆಣಸಿನಕಾಯಿ, ಒಂದಿಷ್ಟು ಶುಂಠಿ ಸೇರಿಸಿ ಕುಟ್ಟಿ, ಹಳೆಯ ಬಿಲ್ಲೆಯ ಪುಡಿ ಉದುರಿಸಿ, ಜರೀಗಿಡದ ಎಲೆಯಲ್ಲಿ ಸುತ್ತಿಟ್ಟು ಇದನ್ನು ಮಾಡುವುದು ರೂಢಿ. ಹೀಗೆ ಮಾಡಿದ ಹುದುಗಿನಿಂದ ಅವರು ತಯಾರಿಸುವ ಮುಖ್ಯ ಪಾನೀಯ ಯಾವ ಧಾನ್ಯದ್ದೆಂದರೆ ನಮ್ಮ ರಾಗಿಯದೇ. ಬೇಯಿಸಿದ ರಾಗಿ ಹುದುಗಿದ ಮೇಲೆ ಬಿದಿರಿನ ಪಾತ್ರೆಗೆ ತುಂಬಿ, ಬಿಸಿನೀರು ಸುರಿದು, ಕೊಳವೆಯಿಂದ ಹೀರುತ್ತಾರೆ. ಅದರಲ್ಲಿ ಶುಂಠಿಯ ರುಚಿ ಯಾರ ನಾಲಿಗೆಗೂ ನಿಲುಕದು. ಕೆಡಿಸುವ ಸೂಕ್ಷ್ಮಜೀವಿಗಳನ್ನು ದೂರವಿಡಲು ಈ ಸೊಪ್ಪು-ಸಾಂಬಾರಗಳು ನೆರವಾಗುತ್ತವೆಂದು ವಿದ್ವಾಂಸರ ಊಹೆ.

ಬೆಟ್ಟಕ್ಕೆ ಹೋಗುವುದೂ ಬೇಡ. ನಮ್ಮ ಬಾಣಂತಿಯರ ಕಪಾಟಿನಲ್ಲಿರುವ ಅರಿಷ್ಟ, ಆಸವಗಳು ಏನು? ಧಾತಕಿ ಹೂವಿನ ಸಹಾಯದಿಂದ ಬೆಲ್ಲದ ನೀರು ಹುದುಗಿ ತಾನಾಗಿಯೇ ಮದ್ಯಸಾರ ಹುಟ್ಟಿದ ಪಾನೀಯಗಳೇ. ಅಭಯಾರಿಷ್ಟದಲ್ಲಿಯೂ ಕುಮಾರ್ಯಾಸವದಲ್ಲಿಯೂ ಶುಂಠಿ ಉಂಟು, ಆದರೆ ಹತ್ತಾರು ದ್ರವ್ಯಗಳ ನಡುವೆ ಒಂದಾಗಿ. ವೈದ್ಯರು ಅವನ್ನು ಚಮಚದಿಂದ ಕುಡಿಸುತ್ತಾರೆ, ಮಗ್ಗಿನಿಂದಲ್ಲ. ಈ ಭೇದವನ್ನು ಮರೆತಲ್ಲಿಯೇ ನಾನು ಮೊದಲು ಹೇಳಿದ ಸುಳ್ಳು ಹುಟ್ಟುತ್ತದೆ.

ಆ ಸುಳ್ಳುಗಳ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ಮುಚ್ಚುವ ಸುಳ್ಳು. ಸಾಮಾನ್ಯ ಏಲ್ ಬಗೆಯ ಬಿಯರಿನ ಯೀಸ್ಟಿಗೆ ಹದಿನೆಂಟರಿಂದ ಇಪ್ಪತ್ತೆರಡು ಡಿಗ್ರಿಯ ತಂಪು ಹಿತ. ಮೂವತ್ತು ಡಿಗ್ರಿಯ ಸೆಕೆಯಲ್ಲಿ ಅದು ಅವಸರಪಟ್ಟು ಕೆಲಸ ಮಾಡಿ ಗಂಟಲಿಗೆ ಒರಟಾದ, ತಲೆನೋವು ತರುವಂಥ ವಾಸನೆಗಳನ್ನು ಬಿಡುತ್ತದೆ. ಪಾತ್ರೆ ಶುಚಿಯಿಲ್ಲದಿದ್ದರೆ ಹುಳಿಯೂ ಸೇರುತ್ತದೆ. ಆಗ ಅನೇಕರಿಗೆ ಶುಂಠಿಯ ನೆನಪಾಗುತ್ತದೆ. ಹಳಸಿದ ಮೀನಿಗೆ ಮಸಾಲೆ ಹೆಚ್ಚು ಹಾಕುವ ಹೋಟೆಲಿನವನ ವಿದ್ಯೆಯಿದು. ಅಲ್ಪ ಶುಂಠಿಯ ದೊಡ್ಡ ಗುಣವೇನೆಂದರೆ ಅದು ಏನನ್ನೂ ಮುಚ್ಚಲಾರದು. ಕೆಳಗಿನ ಬಿಯರ್ ನಿರ್ಮಲವಾಗಿದ್ದರೆ ಮಾತ್ರ ಅದು ತೋರುತ್ತದೆ. ಆದ್ದರಿಂದ ಕಡಿಮೆ ಹಾಕುವವನು ಉಳಿದ ಕೆಲಸವನ್ನೆಲ್ಲ ಸರಿಯಾಗಿ ಮಾಡಲೇಬೇಕಾಗುತ್ತದೆ.

ಎರಡನೆಯದು ಔಷಧದ ಸುಳ್ಳು. ಇದು ಹೆಚ್ಚು ಗಂಭೀರ. ಶುಂಠಿಯಿಲ್ಲದ ಕಷಾಯವಿಲ್ಲವೆಂಬ ಗಾದೆ ನಮ್ಮಲ್ಲಿದೆ. ಅದನ್ನು ತಿರುವುಮುರುವು ಮಾಡಿ, ಶುಂಠಿಯಿದ್ದದ್ದೆಲ್ಲ ಕಷಾಯವೆಂದು ವಾದಿಸುವವರನ್ನು ನಾನು ಬಲ್ಲೆ. ತರ್ಕಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಹಿಡಿಯಬಹುದಾದ ದೋಷವಿದು: ಹಸುವಿಗೆಲ್ಲ ನಾಲ್ಕು ಕಾಲಿರುವುದರಿಂದ ಮೇಜನ್ನು ಹಾಲು ಕರೆಯಲಾಗದು. "ಶುಂಠಿ ಹಾಕಿದ್ದೇವೆ ಫಾದರ್, ಜೀರ್ಣಕ್ಕೆ ಒಳ್ಳೆಯದು" ಎನ್ನುವ ಮಾತಿನಲ್ಲಿ ಶುಂಠಿಯ ಬಗೆಗಿನ ಅರ್ಧ ನಿಜವೂ ಗ್ಲಾಸಿನ ಬಗೆಗಿನ ಪೂರ್ತಿ ಮರೆವೂ ಇದೆ. ವಾಕರಿಕೆಗೆ ಶುಂಠಿ ಹಿತವೆಂಬುದು ನಿಜ. ಅದಕ್ಕೆ ಒಂದು ತುಂಡು ಶುಂಠಿ, ಒಂದು ಲೋಟ ಬಿಸಿನೀರು ಸಾಕಾಗುತ್ತದೆ. ಇಪ್ಪತ್ತು ಲೀಟರಿಗೆ ಇಪ್ಪತ್ತೈದು ಗ್ರಾಂ ಹಾಕಿದ ಬಿಯರಿನ ಒಂದು ಲೋಟದಲ್ಲಿ ಶುಂಠಿಯ ಪಾಲು ಅರ್ಧ ಗ್ರಾಮಿಗೂ ಕಡಿಮೆ. ಆದರೆ ಮದ್ಯಸಾರ ನೂರಕ್ಕೆ ಐದರಂತೆ ಹನ್ನೆರಡು ಮಿಲಿಲೀಟರಿಗೂ ಹೆಚ್ಚು. ಯಾವುದು ಯಾವುದಕ್ಕೆ ಔಷಧ?

ಇಲ್ಲಿ ನನ್ನ ಮುಂದೆ ಎರಡು ಆಕ್ಷೇಪಣೆಗಳನ್ನು ಇಡುವವರುಂಟು. ಎರಡೂ ನಮ್ಮ ಮನೆಯೊಳಗಿನವೇ. ಸಂತ ಪೌಲರು ತಿಮೊಥೆಗೆ ಬರೆದ ಮೊದಲ ಪತ್ರದಲ್ಲಿ ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸವನ್ನು ಸೇವಿಸುವಂತೆ ಸಲಹೆ ಮಾಡಲಿಲ್ಲವೇ ಎಂಬುದು ಮೊದಲನೆಯದು. ಬೈಬಲಿನ ಬೇರೆ ಯಾವ ವಾಕ್ಯ ಮರೆತರೂ ಈ ವಾಕ್ಯವನ್ನು ನಮ್ಮ ಗಂಡಸರು ಮರೆತದ್ದನ್ನು ನಾನು ಕಂಡಿಲ್ಲ. ಪೌಲರು ಬರೆದದ್ದು ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದ, ನೀರನ್ನಷ್ಟೇ ಕುಡಿಯುತ್ತಿದ್ದ ಒಬ್ಬ ವ್ಯಕ್ತಿಗೆ. ಅದರಲ್ಲಿಯೂ ಅವರು 'ಸ್ವಲ್ಪ' ಎಂಬ ಶಬ್ದವನ್ನು ಬಿಡಲಿಲ್ಲ. ಅದೇ ಪತ್ರದ ಮೂರನೆಯ ಅಧ್ಯಾಯದಲ್ಲಿ ಸಭೆಯ ಮೇಲ್ವಿಚಾರಕನು ಕುಡುಕನಾಗಿರಬಾರದೆಂದೂ ಹೇಳಿದ್ದಾರೆ. ಎರಡನೆಯದು ಇನ್ನೂ ಚತುರವಾದದ್ದು: ಧರ್ಮಸಭೆಯ ಹಳೆಯ ಲ್ಯಾಟಿನ್ ಆಶೀರ್ವಾದ ಗ್ರಂಥದಲ್ಲಿ ಬಿಯರಿಗೆಂದೇ ಒಂದು ಆಶೀರ್ವಾದವಿದೆ, ಅದು ಮನುಷ್ಯರಿಗೆ ಆರೋಗ್ಯಕರವಾಗಲೆಂದು ಅಲ್ಲಿ ಬೇಡಿಕೊಳ್ಳಲಾಗಿದೆ. ಇದೆ, ನಿಜ. ಆದರೆ ಪ್ರಾರ್ಥನೆಯೆಂಬುದು ಬಾಟಲಿಗೆ ಅಂಟಿಸುವ ಪ್ರಮಾಣಪತ್ರವಲ್ಲ. ಹೊಸ ಮೋಟಾರು ವಾಹನಗಳನ್ನೂ ನಾವು ಆಶೀರ್ವದಿಸುತ್ತೇವೆ. ಅದರಿಂದ ಬ್ರೇಕ್ ಬೇಡವೆಂದಾಗುವುದಿಲ್ಲ.

ಅಕ್ವಿನೊದ ಸಂತ ತೋಮಾಸರು ಪಾನದ ಮಿತಿಯನ್ನು ಪ್ರತ್ಯೇಕವಾದ ಒಂದು ಸದ್ಗುಣವಾಗಿಯೇ ಚರ್ಚಿಸಿದ್ದಾರೆ. ದ್ರಾಕ್ಷಾರಸವು ಸ್ವತಃ ನಿಷಿದ್ಧವಲ್ಲ, ಆದರೆ ಕುಡಿಯುವವನ ಸ್ಥಿತಿ, ಅವನ ವ್ರತ, ಅವನ ಅಳತೆ, ಅವನಿಂದ ಇತರರಿಗೆ ಆಗುವ ಎಡವು ಇವುಗಳಿಂದ ಅದು ಅಯುಕ್ತವಾಗಬಹುದೆಂಬುದು ಅವರ ತೀರ್ಮಾನದ ಸಾರಾಂಶ. ಅವರಿಗಿಂತ ಒಂದು ಶತಮಾನ ಹಿಂದೆ ಬಿಂಗೆನ್ನಿನ ಸಂತ ಹಿಲ್ಡೆಗಾರ್ಡ್ ಎಂಬ ಮಠಾಧ್ಯಕ್ಷೆ ಸಸ್ಯಗಳ ಗುಣಗಳ ಬಗ್ಗೆ ಬರೆದಿದ್ದಾರೆ. 2012ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಆಕೆಯನ್ನು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದರು. ಹಾಪ್ಸ್ ಪಾನೀಯವನ್ನು ಕೆಡದಂತೆ ಕಾಯುತ್ತದೆಂದು ಗುರುತಿಸಿದ ಆಕೆ ಶುಂಠಿಯ ವಿಷಯದಲ್ಲಿ ಎಚ್ಚರದಿಂದಿದ್ದಳು: ಸೊರಗಿದವನಿಗೆ ಅದು ಸಹಾಯಕ, ಆರೋಗ್ಯವಂತನಿಗೆ ಹಾನಿಕರ ಎಂಬುದು ಅವಳ ಮತ. ವೈದ್ಯಶಾಸ್ತ್ರವಾಗಿ ಅದನ್ನು ಇಂದು ಯಾರೂ ಒಪ್ಪಬೇಕಾಗಿಲ್ಲ. ಒಂದೇ ವಸ್ತು ಎಲ್ಲರಿಗೂ ಒಂದೇ ಅಲ್ಲವೆಂಬ ಎಚ್ಚರವಂತೂ ಒಪ್ಪತಕ್ಕದ್ದೇ.

ಇಷ್ಟನ್ನೂ ಪರದೇಶದಲ್ಲಿರುವ ಮಕ್ಕಳಿಗಾಗಿ ಬರೆದೆ. ಇಂಗ್ಲೆಂಡಿನಲ್ಲಿ 1963ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ತಯಾರಿಸಲು ಸನ್ನದು ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಅದಕ್ಕೆ ದಾರಿ ತೆರೆಯಿತು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ ಇನ್ನೂರು ಗ್ಯಾಲನ್ನಿನ ಮಿತಿಯೊಡನೆ. (ಇನ್ನೂರು ಗ್ಯಾಲನ್ನೆಂದರೆ ಏಳುನೂರೈವತ್ತು ಲೀಟರಿಗೂ ಮಿಕ್ಕು. ಮಿತಿಯೆಂದರೆ ಇದೇ ಎಂದು ತಿಳಿಯುವ ಅಗತ್ಯವಿಲ್ಲ.) ಆದರೆ ಸಾಂಬ್ರಾಣಿಯಲ್ಲಾಗಲಿ ದಾಂಡೇಲಿಯಲ್ಲಾಗಲಿ ಜೋಯಿಡಾದಲ್ಲಾಗಲಿ ಇದೇ ಕೆಲಸ ಸಲ್ಲದು. 1965ರ ಕರ್ನಾಟಕ ಅಬಕಾರಿ ಕಾಯಿದೆಯು ಸನ್ನದಿಲ್ಲದೆ ಮಾದಕ ಪಾನೀಯ ತಯಾರಿಸುವುದನ್ನೂ ಅದಕ್ಕೆಂದು ಸಲಕರಣೆ ಇಟ್ಟುಕೊಳ್ಳುವುದನ್ನೂ ನಿಷೇಧಿಸುತ್ತದೆ. ಬೆಂಗಳೂರಿನಲ್ಲಿ ಕಣ್ಣೆದುರೇ ಬಿಯರ್ ತಯಾರಿಸಿ ಬಡಿಸುವ ಮನೆಗಳಿವೆ, ಅವು ಸನ್ನದು ಪಡೆದವು. ನೆರೆಯ ಕೇರಳದಲ್ಲಿ 2019ರ ಕ್ರಿಸ್ತಜಯಂತಿಗೆ ಮುನ್ನ ಅಬಕಾರಿ ಇಲಾಖೆ ಮನೆಯ ವೈನಿನ ಬಗ್ಗೆಯೂ ಎಚ್ಚರಿಕೆ ಹೊರಡಿಸಿದಾಗ ಎಷ್ಟು ಗದ್ದಲವೆದ್ದಿತೆಂಬುದು ವಾಚಕರ ನೆನಪಿನಲ್ಲಿರಬಹುದು. ರಜೆಗೆ ಬರುವ ಮಗ ಸಲಕರಣೆಯ ಪೆಟ್ಟಿಗೆಯನ್ನು ತರುವುದಾದರೆ ತಾಯಿ ಬೇಡವೆನ್ನಲಿ.

ಕಾನೂನು ಒಂದು ಕಡೆ. ಕಾನೂನಿಲ್ಲದಿದ್ದರೂ ನಮ್ಮ ಕೇರಿಗಳ ಅನುಭವ ಬೇರೆಯೇ ಮಾತಾಡುತ್ತದೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಎಷ್ಟೋ ಹೆಂಗಸರು ನಿಟ್ಟುಸಿರು ಬಿಟ್ಟರು. ಮರುವರ್ಷ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಗಡಿಯ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಹುದುಗಿಸಿದ ಬಿಯರಿಗೂ ಆ ವಿಷಕ್ಕೂ ಸಂಬಂಧವಿಲ್ಲವೆಂಬುದು ಸರಿ. ಆದರೆ ಕೂಲಿಯ ಹಣ ಶನಿವಾರ ಸಂಜೆಯೇ ಮುಗಿದುಹೋಗುವ ಮನೆಯ ಹೆಂಡತಿಗೆ ಈ ರಸಾಯನಶಾಸ್ತ್ರದ ಭೇದದಿಂದ ಆಗುವ ಉಪಕಾರವೇನು? ಮದುವೆಯ ರೋಸಿನಲ್ಲಿ, ನಾಮಕರಣದಲ್ಲಿ, ಸತ್ತವರ ತಿಂಗಳ ಪೂಜೆಯ ಊಟದಲ್ಲಿಯೂ ಬಾಟಲಿಯಿಲ್ಲದಿದ್ದರೆ ಮರ್ಯಾದೆ ಹೋಯಿತೆಂದು ಭಾವಿಸುವ ನಾವು, ಶುಂಠಿ ಹಾಕಿದ ಮನೆಯ ಬಿಯರನ್ನು 'ಆರೋಗ್ಯದ ಪಾನೀಯ'ವೆಂದು ಹದಿನಾರರ ಹುಡುಗನ ಕೈಗೂ ಕೊಡುವ ದಿನ ದೂರವಿಲ್ಲ. ಪರದೇಶದಲ್ಲಿ ತಯಾರಿಸುವವರೂ ಇದನ್ನು ನೆನಪಿಡತಕ್ಕದ್ದು. ಅವರು ಕಳಿಸುವ ಚಿತ್ರಗಳನ್ನು ಇಲ್ಲಿಯ ತಮ್ಮಂದಿರು ನೋಡುತ್ತಿರುತ್ತಾರೆ.

ಅಲ್ಪ ಶುಂಠಿಯ ಕಲೆಯನ್ನು ಇಲ್ಲಿ ಬಿಯರಿಲ್ಲದೆಯೂ ಉಳಿಸಿಕೊಳ್ಳಬಹುದು. ರಾಮನವಮಿಗೆ ನೆರೆಮನೆಯವರು ಕೊಡುವ ಪಾನಕವನ್ನು ಗಮನಿಸಿ. ಬೆಲ್ಲ, ನೀರು, ಏಲಕ್ಕಿ, ಮೆಣಸು, ಒಂದು ಚಿಟಿಕೆ ಒಣಶುಂಠಿ. ಕುಡಿದ ಮೇಲೆ ಗಂಟಲಿನಲ್ಲಿ ಸಣ್ಣಗೆ ಬೆಚ್ಚಗಾದಾಗಲೇ ಶುಂಠಿಯಿತ್ತೆಂದು ತಿಳಿಯುವುದು. ನಮ್ಮ ಜಿಂಜರ್ ವೈನ್ ಅದರ ಮುಂದೆ ಒರಟು. ಖಾರ ಹೆಚ್ಚು, ಸಕ್ಕರೆ ಅದಕ್ಕಿಂತ ಹೆಚ್ಚು. ಒಂದು ಲೀಟರ್ ನೀರಿಗೆ ಇಪ್ಪತ್ತು ಗ್ರಾಂ ಅಲ್ಲವನ್ನು ಜಜ್ಜಿ ಹತ್ತು ನಿಮಿಷ ಕುದಿಸಿ, ಸೋಸಿ, ನೂರೈವತ್ತು ಗ್ರಾಂ ಸಕ್ಕರೆ ಕರಗಿಸಿ, ಅದರಲ್ಲಿ ಎರಡು ಚಮಚೆಯನ್ನು ಕಂದು ಬಣ್ಣಕ್ಕೆ ಸುಟ್ಟು ಸೇರಿಸಿ, ತಣಿದ ಮೇಲೆ ಎರಡು ನಿಂಬೆಹಣ್ಣಿನ ರಸ ಹಿಂಡಿದರೆ ಸಾಕು. ಸುಟ್ಟ ಸಕ್ಕರೆಯ ನಸುಗಹಿಯು ಹಾಪ್ಸಿನ ಕೆಲಸವನ್ನು ಒಂದಿಷ್ಟು ಮಾಡುತ್ತದೆ. ಎರಡು ದಿನಗಳೊಳಗೆ ಮುಗಿಸಿರಿ.

ಎರಡು ದಿನವೆಂದದ್ದಕ್ಕೆ ಕಾರಣವಿದೆ. ಶುಂಠಿ-ಸಕ್ಕರೆಯ ನೀರನ್ನು ಬೆಚ್ಚಗೆ ಬಿಟ್ಟರೆ ಅದು ತಾನಾಗಿಯೇ ಹುದುಗುತ್ತದೆ. ಇಂಗ್ಲೆಂಡಿನ ಹಳ್ಳಿಮನೆಗಳಲ್ಲಿ ಇದನ್ನೇ ಬೆಳೆಸಿ 'ಜಿಂಜರ್ ಬಿಯರ್' ಮಾಡುತ್ತಿದ್ದರು. ಅದರ ಹುದುಗಿನ ಮುದ್ದೆಯು ಯೀಸ್ಟ್ ಮತ್ತು ಬ್ಯಾಕ್ಟೀರಿಯಗಳ ಕೂಡುಬಾಳೆಂದು 1892ರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ ತೋರಿಸಿಕೊಟ್ಟರು. ಅಂಗಡಿಯಲ್ಲಿ ಸಿಗುವ ಅದೇ ಹೆಸರಿನ ಸೋಡಾದಂತೆ ಇದೂ ನಿರ್ಮದ್ಯವೆಂದು ಭಾವಿಸಿ ಮಕ್ಕಳಿಗೆ ಕೊಡುವವರಿದ್ದಾರೆ. ಹುದುಗಿದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಮದ್ಯಸಾರವಾಗುತ್ತದೆ, ಉಳಿದರ್ಧ ವಾಯುವಾಗುತ್ತದೆ. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿಯಲ್ಲಿ ಆ ವಾಯುವಿಗೆ ಹೋಗಲು ಜಾಗವಿಲ್ಲದಿದ್ದರೆ ಬಾಟಲಿಯೇ ಸಿಡಿಯುತ್ತದೆ. ಅಡಿಗೆಮನೆಯಲ್ಲಿ ಮಕ್ಕಳು ಓಡಾಡುವ ಹಬ್ಬದ ದಿನಗಳಲ್ಲಿ ಇದು ವಿನೋದದ ಮಾತಲ್ಲ.

ಕೊನೆಗೆ, ಕೆನಡಾದಿಂದ ಒಂದು ಮನೆಯವರು ವಿಶೇಷವಾಗಿ ಕೇಳಿದ ಪ್ರಶ್ನೆ: ಊರಿನಿಂದ ಒಯ್ದ ಒಣಶುಂಠಿಯನ್ನೇ ಬಿಯರಿಗೆ ಬಳಸಬಹುದೇ? ಬಳಸಬಹುದು, ಆದರೆ ಫಲ ಬೇರೆ. ಒಣಗಿಸುವಾಗ ಜಿಂಜರಾಲಿನ ಒಂದು ಪಾಲು ಷೋಗಾಲ್ ಎಂಬ ಇನ್ನಷ್ಟು ಖಾರವಾದ ವಸ್ತುವಾಗಿ ಮಾರ್ಪಡುತ್ತದೆ, ನಿಂಬೆಯ ಪರಿಮಳ ಬ‌ಹುಮಟ್ಟಿಗೆ ಹೋಗಿರುತ್ತದೆ. ಹಸಿಗಡ್ಡೆಯಲ್ಲಿ ನೂರಕ್ಕೆ ಎಂಬತ್ತರಷ್ಟು ನೀರೇ ಇರುವುದರಿಂದ ಇಪ್ಪತ್ತೈದು ಗ್ರಾಂ ಹಸಿಶುಂಠಿಯ ಜಾಗದಲ್ಲಿ ನಾಲ್ಕೈದು ಗ್ರಾಂ ಒಣಶುಂಠಿಗೆ ಮೀರಬಾರದು. ಪುಡಿ ಬೇಡ, ಅದು ತಳಕ್ಕೆ ಕೂರದೆ ಬಿಯರನ್ನು ಕದಡುತ್ತದೆ. ಕೊಂಬನ್ನು ಒರಟಾಗಿ ಜಜ್ಜಿ ಬಟ್ಟೆಯಲ್ಲಿ ಕಟ್ಟಿ ಕುದಿತದ ಕೊನೆಗೆ ಇಳಿಬಿಟ್ಟು, ಒಲೆ ಆರಿಸಿದೊಡನೆ ಎತ್ತಿಬಿಡಲಿ. ಕಪ್ಪು ಬಣ್ಣದ, ಹುರಿದ ಮಾಲ್ಟಿನ ಬಿಯರಿಗೆ ಅದು ಹೊಂದೀತು. ತಿಳಿಯಾದ ಗೋಧಿ ಬಿಯರಿಗಾದರೆ ಅಲ್ಲಿಯ ಅಂಗಡಿಯ ಹಸಿಗಡ್ಡೆಯೇ ಉತ್ತಮ.